ರೋಗಿ ಕೇಳಿದ್ದೆಲ್ಲ ಕೊಟ್ಟರೆ ಅದು ರೋಗಿಕೇಂದ್ರಿತ ಚಿಕಿತ್ಸೆಯೇ?

ರೋಗಿಕೇಂದ್ರಿತ ಚಿಕಿತ್ಸೆ ಎಂದೊಡನೆ ಹಲವರ ಮನಸ್ಸಿಗೆ ಬರುವುದು ಎ.ಸಿ. ಕೋಣೆ, ನಗುಮೊಗದ ಸ್ವಾಗತ, ಬಯಸಿದ ಕೂಡಲೇ ಸ್ಕ್ಯಾನಿಂಗ್. ವೈದ್ಯರಲ್ಲೂ ಅನೇಕರು ಹೀಗೇ ತಿಳಿದು, ‘ಹಾಗಾದರೆ ಗ್ಲೂಕೋಸ್ ಹಾಕಿ ಎಂದವರಿಗೆಲ್ಲ ಹಾಕಬೇಕೇ?’ ಎಂದು ಕೇಳುತ್ತಾರೆ. ಅವರ ಆತಂಕಕ್ಕೆ ಆಧಾರವಿದೆ. ಅಮೆರಿಕದಲ್ಲಿ 51,946 ವಯಸ್ಕರ ಮಾಹಿತಿ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರ ಬಗ್ಗೆ ಅತಿ ಹೆಚ್ಚು ತೃಪ್ತಿ ತೋರಿದವರ ಚಿಕಿತ್ಸಾ ವೆಚ್ಚವೂ ಹೆಚ್ಚು, ಸಾವಿನ ಪ್ರಮಾಣವೂ ಹೆಚ್ಚು ಇತ್ತು. ತೃಪ್ತಿಯೇ ಸಾವಿಗೆ ಕಾರಣವೆಂದು ಇದರಿಂದ ಹೇಳಲಾಗದು. ಆದರೆ ಚಿಕಿತ್ಸಾ ವ್ಯವಸ್ಥೆಯ ಸುಧಾರಣೆಯನ್ನು ತೃಪ್ತಿಯ ಅಂಕಗಳಿಂದ ಅಳೆಯುವುದು ಅಪಾಯಕಾರಿ ಎನ್ನಲು ಇಷ್ಟು ಸಾಕು.

ನಿಜವಾದ ರೋಗಿಕೇಂದ್ರಿತ ವ್ಯವಸ್ಥೆಯಲ್ಲಿ ರೋಗಿಗೆ ಸಲ್ಲಬೇಕಾದದ್ದು ತಿಳಿವಳಿಕೆ ಮತ್ತು ನಿರ್ಧಾರದಲ್ಲಿ ಪಾಲು. ಯಾವ ದಾರಿಗಳಿವೆ, ಒಂದೊಂದರ ಲಾಭ ಎಷ್ಟು, ಅಪಾಯ ಎಷ್ಟು, ಏನೂ ಮಾಡದಿದ್ದರೆ ಏನಾದೀತು ಎಂಬುದನ್ನು ಸರಳವಾಗಿ ತಿಳಿಸುವ ಕೈಪಿಡಿ, ವಿಡಿಯೊಗಳ ಕುರಿತ 105 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಕಂಡದ್ದು ಜನಸಾಮಾನ್ಯರ ನಂಬಿಕೆಗೆ ತದ್ವಿರುದ್ಧ: ಚೆನ್ನಾಗಿ ತಿಳಿದುಕೊಂಡವರಲ್ಲಿ, ತುರ್ತಿಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಆರಿಸಿಕೊಂಡವರು ಕಡಿಮೆ. ರೋಗಿಗೆ ನಿರ್ಧಾರದಲ್ಲಿ ಪಾಲು ಕೊಟ್ಟರೆ ಖರ್ಚು ಏರುತ್ತದೆಂಬ ಭಯವನ್ನು ಈ ಫಲಿತಾಂಶ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ.

‘ಅಷ್ಟು ಹೊತ್ತು ಎಲ್ಲಿದೆ?’ ಎನ್ನುವುದು ಇನ್ನೊಂದು ಆಕ್ಷೇಪ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 335 ರೋಗಿಗಳನ್ನು ತಡೆಯದೆ ಮಾತನಾಡಲು ಬಿಟ್ಟಾಗ ಅವರು ಸರಾಸರಿ 92 ಸೆಕೆಂಡುಗಳಲ್ಲಿ ಹೇಳಿ ಮುಗಿಸಿದರು ಎಂದು 2002ರ ವರದಿ ಹೇಳುತ್ತದೆ. ಬಾಸೆಲ್‌ನ ಚಿಕಿತ್ಸಾಲಯವನ್ನು ನಮ್ಮ ಜಿಲ್ಲಾಸ್ಪತ್ರೆಯ ಓಪಿಡಿಗೆ ಹೋಲಿಸುವುದು ಸರಿಯಲ್ಲ, ಒಪ್ಪುತ್ತೇನೆ. ಸಾಲು ಬಾಗಿಲಾಚೆ ಬೆಳೆದಿರುವಾಗ ಒಂದೂವರೆ ನಿಮಿಷವೂ ದುಬಾರಿ. ಆದರೆ ವಿವರಿಸುವ ಕೆಲಸವೆಲ್ಲ ವೈದ್ಯರ ಹೆಗಲಿಗೇ ಬೀಳಬೇಕಿಲ್ಲ. ನೂರಾ ಹೆಲ್ತ್ ಸಂಸ್ಥೆ ನಾರಾಯಣ ಆಸ್ಪತ್ರೆಗಳೊಂದಿಗೆ ಆರಂಭಿಸಿದ ಕಾರ್ಯಕ್ರಮದಲ್ಲಿ, ಹೇಗೂ ವಾರ್ಡಿನಲ್ಲೇ ಕಾಯುವ ಮನೆಯವರಿಗೆ ಶುಶ್ರೂಷಕಿಯರೇ ಮುಂದಿನ ಆರೈಕೆ ಕಲಿಸುತ್ತಾರೆ. ಅದು ಆಮೇಲೆ ಸರ್ಕಾರಿ ಆಸ್ಪತ್ರೆಗಳಿಗೂ ಹರಡಿತು.

‘ನಮ್ಮ ಜನ ನಿಮಗೇ ಬಿಟ್ಟಿದ್ದು ಡಾಕ್ಟ್ರೇ ಅನ್ನುತ್ತಾರಲ್ಲ’ ಎಂಬ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು. ನಿರ್ಧಾರವನ್ನು ವೈದ್ಯರಿಗೆ ಒಪ್ಪಿಸುವುದೂ ರೋಗಿಯ ಹಕ್ಕೇ. ಆದರೆ ಇರುವ ದಾರಿಗಳೇ ಗೊತ್ತಿಲ್ಲದೆ ಒಪ್ಪಿಸುವುದನ್ನು ಆಯ್ಕೆ ಎನ್ನಲಾಗದು. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣದಲ್ಲಿ ಮಹಿಳೆಯೊಬ್ಬರು ಒಪ್ಪಿದ್ದು ತಪಾಸಣೆಗೆ. ಅರಿವಳಿಕೆಯಲ್ಲಿದ್ದಾಗ, ತಾಯಿಯ ಒಪ್ಪಿಗೆ ಪಡೆದು, ಅವರ ಗರ್ಭಕೋಶವನ್ನೇ ತೆಗೆಯಲಾಗಿತ್ತು. ಜೀವಕ್ಕೆ ತುರ್ತು ಅಪಾಯವಿಲ್ಲದಿರುವಾಗ ಇದು ಒಪ್ಪಿಗೆಯೇ ಅಲ್ಲ ಎಂದಿತು ನ್ಯಾಯಾಲಯ. ಇಷ್ಟಾದರೂ ಹಳ್ಳಿಯಿಂದ ಬಂದವರ ಮುಂದೆ ಇಂಗ್ಲಿಷಿನ ಒಪ್ಪಿಗೆ ಪತ್ರ ಚಾಚಿ ಸಹಿ ಹಾಕಿಸುವುದು ನಿಂತಿಲ್ಲ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಸಹಿಗೆ ಮುಂಚೆ ಓದಿ ಹೇಳಲು ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಬೇಕಿಲ್ಲ. ಸುಧಾರಣೆಯನ್ನು ಅಲ್ಲಿಂದಲೇ, ಈ ವರ್ಷವೇ ಶುರುಮಾಡಬಹುದು.