‘ಐ ಆಮ್’ ಹೇಗೆ ‘ಐಮ್’ ಆಗುತ್ತದೆ: ತರಗತಿಯಲ್ಲಿ ಕಲಿಸುವ ಬಗೆ

ಅಭ್ಯಾಸ ಬೋಧನೆಯ ಇಂಗ್ಲಿಷ್ ಪಾಠಗಳಲ್ಲಿ ಕಪ್ಪುಹಲಗೆಯ ಮೇಲೆ ‘ಐ ಆಮ್’ ಬರೆದು, ಪಕ್ಕದಲ್ಲಿ ‘ಐಮ್’ ಎಂದು ಬರೆದು ಮುಂದೆ ಸಾಗುವುದುಂಟು. ಆಗ ಸಂಕ್ಷಿಪ್ತ ರೂಪವೆಂದರೆ ಅಪಾಸ್ಟ್ರಫಿ ಹಾಕುವ ನಿಯಮ ಎಂದಷ್ಟೇ ಮಕ್ಕಳು ತಿಳಿಯುತ್ತಾರೆ. ಆದರೆ ಅದು ಮೂಲತಃ ಮಾತಿನ ಸಂಗತಿ. ಅದನ್ನು ಕಿವಿಯ ಮೂಲಕ ಕಲಿಯದ ವಿದ್ಯಾರ್ಥಿಗೆ, ಓದಿದಾಗ ಸಲೀಸಾಗಿ ಅರ್ಥವಾಗುವ ವಾಕ್ಯವೇ ಕೇಳಿದಾಗ ಅಪರಿಚಿತವಾಗುತ್ತದೆ.

ಕನ್ನಡದಿಂದ ಆರಂಭ

ಚಾಮರಾಜಪುರಂ ರೈಲು ನಿಲ್ದಾಣದಲ್ಲಿ ಯಾರೂ ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ?’ ಎಂದು ಬಿಡಿಬಿಡಿಯಾಗಿ ಕೇಳುವುದಿಲ್ಲ. ‘ಎಲ್ಲಿಗ್ ಹೋಗ್ತಿದೀರಿ?’ ಎನ್ನುತ್ತಾರೆ. ‘ನಂಜನಗೂಡಿಗ್ ಹೋಗ್ಬೇಕು’ ಎಂದು ಉತ್ತರ ಬರುತ್ತದೆ. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಈ ಜೋಡಿಗಳನ್ನು ಮಕ್ಕಳಿಂದಲೇ ಹೇಳಿಸಿದರೆ, ಮಾತಿನಲ್ಲಿ ಪದ ಕುಗ್ಗುವುದು ಸಹಜ ಎಂಬುದು ಮನವರಿಕೆಯಾಗುತ್ತದೆ.

ವ್ಯತ್ಯಾಸವೂ ಇದೆ. ಕನ್ನಡದಲ್ಲಿ ಹೆಚ್ಚಾಗಿ ಪದದ ನಡುವಿನ ಅಥವಾ ಕೊನೆಯ ಹ್ರಸ್ವ ಸ್ವರ ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ಯಾವುದು ಕುಗ್ಗಬೇಕೆಂಬುದನ್ನು ಒತ್ತು ನಿರ್ಧರಿಸುತ್ತದೆ. ಅರ್ಥದ ಭಾರ ಹೊರುವ ನಾಮಪದ, ಮುಖ್ಯ ಕ್ರಿಯಾಪದಗಳಿಗೆ ಒತ್ತು ಬೀಳುತ್ತದೆ. ‘ಆಮ್’, ‘ಫಾರ್’, ‘ಟು’, ‘ಆಫ್’, ‘ಆ್ಯಂಡ್’ ಮುಂತಾದವು ಸಣ್ಣದಾಗುತ್ತವೆ. ಅವುಗಳ ಸ್ವರ ‘ಶ್ವಾ’ ಎಂಬ ಮೆಲುದನಿಗೆ ಇಳಿಯುತ್ತದೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ ಅದೇ. ಕನ್ನಡದಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಬಾಯಿ ಸಡಿಲಬಿಟ್ಟು ಅರ್ಧ ನುಡಿದ ‘ಅ’ ಎಂದು ವಿವರಿಸಬಹುದು. ಹಾಗಾಗಿ ‘ಐ ಆಮ್ ವೇಟಿಂಗ್ ಫಾರ್ ದಿ ಟ್ರೇನ್’ ಎಂಬುದು ‘ಐಮ್ ವೇಟಿಂಗ್ ಫ ದ ಟ್ರೇನ್’ ಎಂದು ಕೇಳಿಸುತ್ತದೆ.

ಅರ್ಥವೇ ತಿರುಗುವ ಕಡೆ

‘ಬರಬಲ್ಲೆ’ ಎಂಬುದಕ್ಕೆ ‘ಐ ಕನ್ ಕಮ್’. ಇಲ್ಲಿ ಒತ್ತು ‘ಕಮ್’ ಮೇಲೆ. ‘ಬರಲಾರೆ’ ಎಂಬುದಕ್ಕೆ ‘ಐ ಕಾಂಟ್ ಕಮ್’. ಇಲ್ಲಿ ‘ಕಾಂಟ್’ಗೂ ಒತ್ತುಂಟು. ಅಮೆರಿಕದ ಉಚ್ಚಾರಣೆಯಲ್ಲಿ ಇದು ‘ಕ್ಯಾಂಟ್’ ಆಗಿ, ಕೊನೆಯ ‘ಟ್’ ಹಲವು ವೇಳೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅಂಥ ಕಿವಿಗೆ ನಾವು ‘ಕ್ಯಾನ್’ ಎಂದು ಒತ್ತಿ ಹೇಳಿದರೆ ‘ಆಗದು’ ಎಂದೇ ತಿಳಿಯಬಹುದು. ಫೋನಿನಲ್ಲಿ ನಡೆಯುವ ಉದ್ಯೋಗ ಸಂದರ್ಶನದಲ್ಲಿ ಇದು ಸಣ್ಣ ವಿಷಯವಲ್ಲ. ‘ವಾಂಟ್’, ‘ವೋಂಟ್’ ಜೋಡಿಯೂ ಹಾಗೆಯೇ: ಮೊದಲನೆಯದು ಬೇಕು, ಎರಡನೆಯದು ಒಲ್ಲೆ.

ಎಲ್ಲಿ ಕುಗ್ಗಿಸಬಾರದು

ವಾಕ್ಯದ ಕೊನೆಯಲ್ಲಿ ಸಹಾಯಕ ಕ್ರಿಯಾಪದ ಪೂರ್ಣವಾಗಿಯೇ ಉಳಿಯುತ್ತದೆ. ‘ಯೆಸ್, ಐ ಆಮ್’ ಸರಿ. ‘ಯೆಸ್, ಐಮ್’ ತಪ್ಪು. ಆದರೆ ‘ನೋ, ಐ ಕಾಂಟ್’ ಸರಿ. ನಿಷೇಧದ ರೂಪ ಕೊನೆಯಲ್ಲೂ ನಿಲ್ಲುತ್ತದೆ. ಒತ್ತಿ ಹೇಳುವಾಗಲೂ ಪೂರ್ಣರೂಪವೇ ಬೇಕು. ಅರ್ಜಿ, ಔಪಚಾರಿಕ ಪತ್ರಗಳಲ್ಲಿ ಸಂಕ್ಷಿಪ್ತ ರೂಪ ಸಲ್ಲದೆಂಬುದನ್ನು ಪರೀಕ್ಷೆಯ ದೃಷ್ಟಿಯಿಂದ ತಿಳಿಸಿರಬೇಕು.

ಹತ್ತು ನಿಮಿಷದ ಚಟುವಟಿಕೆ

1. ಪುಸ್ತಕ ಮುಚ್ಚಿಸಿ. ‘ಐಮ್ ವೇಟಿಂಗ್ ಫ ದ ಟ್ರೇನ್’ ಎಂದು ಸಹಜ ವೇಗದಲ್ಲಿ ಎರಡು ಸಲ ಹೇಳಿ. ಪೂರ್ಣವಾಗಿ ಬರೆದರೆ ಎಷ್ಟು ಪದಗಳಾಗುತ್ತವೆ ಎಂದು ಕೇಳಿ. ಉತ್ತರ ಆರು. ಐದು ಎಂದವರಿಗೆ ಯಾವ ಪದ ತಪ್ಪಿತೆಂದು ಹುಡುಕಲು ಬಿಡಿ.

2. ಈಗ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಒತ್ತು ಬೀಳುವ ‘ವೇಟ್’, ‘ಟ್ರೇನ್’ಗಳಿಗೆ ಮಾತ್ರ ಚಪ್ಪಾಳೆ ಹಾಕಿಸಿ.

3. ‘ವೀವ್ ಬಿನ್ ವೇಟಿಂಗ್ ಫ ದ ಟ್ರೇನ್’ ಎಂದು ಬೆಳೆಸಿ. ಪದ ಹೆಚ್ಚಿದರೂ ಚಪ್ಪಾಳೆ ಎರಡೇ. ಉಳಿದವನ್ನು ಆ ಎರಡರ ಸುತ್ತ ಹೊಂದಿಸಬೇಕಾದಾಗ ಅವು ತಾವಾಗಿ ಕುಗ್ಗುತ್ತವೆ.

4. ಕೊನೆಗೆ ‘ಕನ್’, ‘ಕಾಂಟ್’ ವಾಕ್ಯಗಳನ್ನು ಬೆರೆಸಿ ಹೇಳಿ. ಬರುವವರಾದರೆ ಕೈ ಎತ್ತಲಿ, ಇಲ್ಲವಾದರೆ ಕೈಕಟ್ಟಲಿ.

ಪಾಠ ವೀಕ್ಷಿಸುವ ಮಾರ್ಗದರ್ಶಕರು ಒಂದನ್ನು ಗಮನಿಸಬೇಕು. ವಿದೇಶಿಯರ ಧಾಟಿಯ ಅನುಕರಣೆ ಇಲ್ಲಿನ ಗುರಿಯಲ್ಲ. ಪ್ರತಿ ಪದವನ್ನೂ ಪೂರ್ಣವಾಗಿ ನುಡಿಯುವ ವಿದ್ಯಾರ್ಥಿಯ ಮಾತು ಬಹುಪಾಲು ಅರ್ಥವಾಗಿಯೇ ಆಗುತ್ತದೆ. ಇತರರು ಕುಗ್ಗಿಸಿ ಆಡಿದ್ದು ಅವನಿಗೆ ಅರ್ಥವಾಗದಿರುವುದೇ ಹೆಚ್ಚಿನ ತೊಡಕು. ಆದ್ದರಿಂದ ಮೊದಲು ಗುರುತಿಸುವುದನ್ನು ಅಳೆಯಿರಿ. ನುಡಿಯುವುದಕ್ಕೆ ಸಮಯ ಕೊಡಿ.