ಪಡಿಯ ತೂಕವೂ ಧಾನ್ಯದ ಸತ್ತ್ವವೂ

ಕೋಲಾರ ಸೀಮೆಯ ಗೃಹಸ್ಥರ ಮುಂದೆ ರಾಗಿಯನ್ನು ಹೊಗಳುವುದು ಅನಾವಶ್ಯಕ. ಆದರೂ ಪ್ರಕೃತ ಆ ಮಾತನ್ನೆತ್ತುವುದಕ್ಕೆ ಕಾರಣವುಂಟು. ನಮ್ಮ ಅನ್ನವನ್ನು ಕಾಯಿದೆಯು ತೂಕದಿಂದ ಅಳೆಯುತ್ತಿರುವಾಗ, ವಾಯುಮಂಡಲವು ತಕ್ಕಡಿಗೆ ಕಾಣದಂತೆ ಅದರ ಸತ್ತ್ವವನ್ನು ಕಳೆಯತೊಡಗಿದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪೀಠಿಕೆಯಲ್ಲಿ ಗುಣವುಳ್ಳ ಆಹಾರವೆಂಬ ಮಾತಿದೆ. ಆದರೆ ಒಳಗೆ ‘ಆಹಾರ ಭದ್ರತೆ’ಗೆ ಲಕ್ಷಣ ಹೇಳುವಾಗ, ಗೊತ್ತುಮಾಡಿದ ಪ್ರಮಾಣದ ಧಾನ್ಯವನ್ನೂ ಊಟವನ್ನೂ ಒದಗಿಸುವುದೆಂದಷ್ಟೇ ಹೇಳಿದೆ. ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ. ಲಕ್ಷಣವಾಕ್ಯದಲ್ಲಿ ಬಿಟ್ಟುಹೋದದ್ದು ವ್ಯವಹಾರದಲ್ಲಿಯೂ ಬಿಟ್ಟುಹೋಗುವುದೆಂಬುದನ್ನು ತರ್ಕವನ್ನು ಸ್ವಲ್ಪ ಓದಿದವರೂ ಬಲ್ಲರು. ಇನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಕಲಬೆರಕೆಯನ್ನೂ ವಿಷವನ್ನೂ ಹಿಡಿಯತಕ್ಕದ್ದು. ಗದ್ದೆಯಲ್ಲಿ ಬೆಳೆಯುವಾಗಲೇ ಅಕ್ಕಿಯಲ್ಲಿ ಕಬ್ಬಿಣಾಂಶ ಕಡಮೆಯಾದರೆ ಅದು ಯಾರ ಅಪರಾಧವೂ ಅಲ್ಲ.

ಹಾಗೆ ಕಡಮೆಯಾಗುವುದುಂಟೇ? ಯಂತ್ರೋದ್ಯಮಗಳು ತಲೆಯೆತ್ತುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ದಾಟಿದೆ. ಅದು ಸುಮಾರು 550ಕ್ಕೆ ಏರಿದಾಗ ಏನಾಗುವುದೆಂಬುದನ್ನು ಬಯಲಿನ ಹೊಲಗಳಲ್ಲಿಯೇ ಪರೀಕ್ಷಿಸಿ, ಸ್ಯಾಮ್ಯುಯಲ್ ಮೈಯರ್ಸ್ ಮೊದಲಾದವರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗೋಧಿಯಲ್ಲಿ ಸತುವು ನೂರಕ್ಕೆ 9.3ರಷ್ಟೂ ಕಬ್ಬಿಣ 5.1ರಷ್ಟೂ ಇಳಿದವು, ಅಕ್ಕಿಯಲ್ಲಿ ಕಬ್ಬಿಣ 5.2ರಷ್ಟು, ಪ್ರೋಟೀನು 7.8ರಷ್ಟು. ಗಿಡವು ಪಿಷ್ಟವನ್ನು ಹೆಚ್ಚಾಗಿ ಕಟ್ಟಿಕೊಳ್ಳುವುದರಿಂದ ಉಳಿದ ಅಂಶಗಳು ತೆಳುವಾಗುವುವೆಂದೂ, ಎಲೆಗಳು ಕಡಮೆ ನೀರನ್ನು ಬಿಡುವುದರಿಂದ ಬೇರಿನ ಮೂಲಕ ಲವಣಗಳೂ ಕಡಮೆಯಾಗಿ ಬರುವುವೆಂದೂ ಕಾರಣ ಹೇಳುತ್ತಾರೆ. ಜೋಳ, ಮುಸುಕಿನ ಜೋಳಗಳಿಗೆ ತಗಲಿದ ನಷ್ಟ ಇದಕ್ಕಿಂತ ಅಲ್ಪ. ಅವು ಇಂಗಾಲವನ್ನು ಹಿಡಿಯುವ ಕ್ರಮವೇ ಬೇರೆ. ನಮ್ಮ ರಾಗಿಯೂ ಅದೇ ಕ್ರಮದ ಪೈರು.

ನೂರಕ್ಕೆ ಐದು ಯಾವ ದೊಡ್ಡ ಮಾತು ಎನ್ನಬಹುದು. ಹೊಟ್ಟೆ ತುಂಬ ನಾನಾ ಪದಾರ್ಥ ಉಣ್ಣುವವರಿಗೆ ದೊಡ್ಡದಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಾಯದ ಸ್ತ್ರೀಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರೆಂದು ಕಂಡಿತು. ಪಡಿಯಕ್ಕಿಯನ್ನೇ ನೆಚ್ಚಿದ ಬಾಣಂತಿಗೆ ಆ ಐದೂ ಭಾರವೇ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯೂ ಒಂದು ಆಹಾರ ವ್ಯಾಜ್ಯವೇ ಸರಿ. ಅಕ್ಕಿಯನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದದ್ದು ಯಾವುದೆಂದು ನೋಡಿ ತೀರ್ಪಾಯಿತು. ಇಂದಿನ ಖರೀದಿ ಕೇಂದ್ರಗಳೂ ತೇವ, ಮಣ್ಣು, ಬಣ್ಣ ಇವುಗಳನ್ನು ನೋಡುತ್ತವೆಯೇ ಹೊರತು ಕಾಳಿನೊಳಗಣ ಸತ್ತ್ವವನ್ನಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿದೆ. ಬೆಳ್ಳಗೆ ಪಾಲಿಶು ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಆಳದ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಬರುವ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳವರಿಗೆ ಇದು ಮುಖ್ಯ. ಸುಣ್ಣಾಂಶವು ಹೊಟ್ಟೆಯಲ್ಲಿ ಫ್ಲೋರೈಡನ್ನು ಒಂದಿಷ್ಟು ತಡೆಯುತ್ತದೆ. ನೀರನ್ನು ಶುದ್ಧಿ ಮಾಡುವ ಕೆಲಸ ಅದರಿಂದ ತಪ್ಪುವುದಿಲ್ಲ.

ಹಾಗೆಂದು ರಾಗಿಗೆ ಋತುವೈಪರೀತ್ಯದ ಭಯವಿಲ್ಲವೆಂದಲ್ಲ. 2021ರ ನವೆಂಬರಿನ ಅಕಾಲ ಮಳೆಗೆ ಕೊಯ್ಲಿಗೆ ಬಂದ ತೆನೆಗಳು ಈ ಜಿಲ್ಲೆಯಲ್ಲಿ ನೆನೆದು ಕಪ್ಪಾಗಿ, ನಿಂತಲ್ಲಿಯೇ ಮೊಳೆತವು. ಹೊಲಗಳು ಟೊಮ್ಯಾಟೊವಿಗೂ ಮಾವಿಗೂ ಹೋದದ್ದು ಬೇರೆ. ರೈತನನ್ನು ದೂಷಿಸುವಂತಿಲ್ಲ, ಅವನಿಗೂ ಸಾಲವಿದೆ. 2025–26ರ ಹಂಗಾಮಿಗೆ ಸರ್ಕಾರವು ಕ್ವಿಂಟಾಲು ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಕಟ್ಟಿತು, ಸಾಧಾರಣ ಭತ್ತಕ್ಕೆ 2,369. ಪಡಿಯಲ್ಲಿ ಅಕ್ಕಿ ಗೋಧಿಗಳಂತೆಯೇ ಸಿರಿಧಾನ್ಯವನ್ನೂ ಕೊಡಬಹುದೆಂದು 2013ರ ಕಾಯಿದೆಯೇ ಬಾಗಿಲು ತೆರೆದಿಟ್ಟಿದೆ. ನಮ್ಮ ಕಡೆಯ ನ್ಯಾಯಬೆಲೆ ಅಂಗಡಿಗಳಲ್ಲಿ ರಾಗಿ ಬಂದದ್ದೂ ಆ ಬಾಗಿಲಿನಿಂದಲೇ. ಬಂದ ರಾಗಿಯನ್ನು ಮಾರಿ ಸಣ್ಣಕ್ಕಿ ತರುವ ಮನೆಗಳಿಗೆ ಯಾವ ಕಾಯಿದೆ ತಾನೆ ಏನು ಮಾಡೀತು!

ರಾಗಿಯ ಕಬ್ಬಿಣಾಂಶವು ಮೈಗೆ ಸುಲಭವಾಗಿ ಹತ್ತುವುದಿಲ್ಲವೆಂಬುದು ನಿಜ. ಆದಕಾರಣ ಗೃಹಿಣಿಯರು ಅದನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ ಬೀಸಿಸತಕ್ಕದ್ದು. ಮುದ್ದೆಗೆ ಸೊಪ್ಪಿನ ಬಸ್ಸಾರು ಮಾಡಿದ ದಿನ ಎಲೆಗೆ ನಿಂಬೆಹೋಳನ್ನೂ ಬಡಿಸಬೇಕು. ಉಂಡ ಕೈ ಆರುವ ಮೊದಲೇ ಕಾಫಿ ಕೇಳುವ ಯಜಮಾನರು ಒಂದು ಗಂಟೆ ತಡೆದುಕೊಳ್ಳಲಿ. ಕಾಫಿ ಟೀಗಳು ಕಬ್ಬಿಣವನ್ನು ಕರುಳು ಹೀರದಂತೆ ಮಾಡುತ್ತವೆ.