ಮನೆಯೊಳಗೆ ಸೀಸ ಬರುವ ದಾರಿಗಳು

ಸೀಸಕ್ಕೆ ವಾಸನೆಯಿಲ್ಲ, ದೂಳಿನಲ್ಲಿ ಬೆರೆತರೆ ಕಣ್ಣಿಗೂ ಕಾಣದು. ಮೈಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ದೇಶದಲ್ಲಿ ಇದರ ಮೇಲೆ ಬೆಳಕು ಬಿದ್ದದ್ದು 1990ರ ದಶಕದ ಕೊನೆಗೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸೇರಿ ಹಲವು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದರು. ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸವಿತ್ತು. 2000ರಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಉಳಿದ ದಾರಿಗಳು ಇನ್ನೂ ತೆರೆದೇ ಇವೆ. ಕಲಬುರಗಿ ಜಿಲ್ಲೆಯ ನರೋಣಾ, ಆಳಂದ, ಜೇವರ್ಗಿ, ಅಫಜಲಪುರದಂಥ ಊರುಗಳ ಮನೆಗಳಿಗೂ ಅವು ಹತ್ತಿರದವೇ.

ಬ್ಯಾಟರಿ

ಟ್ರ್ಯಾಕ್ಟರ್, ಇನ್ವರ್ಟರ್‌ಗಳ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದನ್ನು ಒಡೆಯುವಾಗ, ಕರಗಿಸುವಾಗ ಏಳುವ ಹೊಗೆ-ದೂಳು ಕೆಲಸಗಾರನ ಉಸಿರಿಗೆ ಹೋಗುತ್ತದೆ, ಬಟ್ಟೆ-ತಲೆಗೂದಲಿಗೆ ಅಂಟಿ ಮನೆಗೂ ಬರುತ್ತದೆ. ಅಪ್ಪ ಅದೇ ಅಂಗಿಯಲ್ಲಿ ಕೂಸನ್ನು ಎತ್ತಿಕೊಂಡರೆ ದೂಳು ಕೂಸಿನ ಕೈಗೆ, ಕೈಯಿಂದ ಬಾಯಿಗೆ. ಹಳೆಯ ಬ್ಯಾಟರಿಯನ್ನು ಅಂಗಳದಲ್ಲಿ ಬಿಚ್ಚದೆ, ಹೊಸದು ಕೊಳ್ಳುವಾಗ ಅಂಗಡಿಗೇ ಮರಳಿಸಿ.

ಕಲಾಯಿ

ಇದ್ದಿಲ ಕೆಂಡದ ಮೇಲೆ ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಸೋಕಿಸಿ ಅರಿವೆಯಿಂದ ಒಂದು ಸುತ್ತು ಉಜ್ಜಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಶುದ್ಧ ತವರವಾದರೆ ಅಡ್ಡಿಯಿಲ್ಲ. ಆದರೆ ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆತ ಕಲಾಯಿಯಲ್ಲಿ ಹುಣಸೆ ಹುಳಿಯ ಸಾರು ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ. ಶುದ್ಧ ತವರವನ್ನೇ ಕೇಳಿ ಹಾಕಿಸಿ. ಖಾತ್ರಿ ಇಲ್ಲವಾದರೆ ಹುಳಿಗೆ ಸ್ಟೀಲ್ ಪಾತ್ರೆ ಬಳಸಿ.

ಸುರುಮಾ, ಸಿಂಧೂರ, ಅರಿಷಿಣ

ಕೆಲವು ಸುರುಮಾಗಳು ಸೀಸದ ಅದಿರಿನ ಪುಡಿಯೇ. ಎಳೆಗೂಸಿನ ಕಣ್ಣಿಗೆ ಹಚ್ಚಬೇಡಿ. ಕೆಲವು ಸಿಂಧೂರಗಳ ಕೇಸರಿ-ಕೆಂಪೂ ಸೀಸದ ಸಂಯುಕ್ತದಿಂದ ಬಂದದ್ದು. ಅರಿಷಿಣದ ಕೊಂಬಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಬಳಿಯುವ ಕಲಬೆರಕೆಯೂ ಉಂಟು. ಕಣ್ಣು ಕೋರೈಸುವ ಹಳದಿಗೆ ಮರುಳಾಗಬೇಡಿ.

ಮಕ್ಕಳಿಗೇ ಹೆಚ್ಚು ಹಾನಿ

ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಸುಣ್ಣದಂಶದ ಜಾಗ ಹಿಡಿದು ಮೂಳೆಯಲ್ಲಿ ದಶಕಗಟ್ಟಲೆ ಕೂರುತ್ತದೆ. ಬಸುರಿಯ ಮೂಳೆಯಿಂದ ಕಳಚಿ ಹೊಟ್ಟೆಯ ಕೂಸಿಗೂ ತಲುಪುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಕಾಣಬಹುದು; ಏನೂ ಕಾಣದೆಯೇ ಮಗುವಿನ ಕಲಿಕೆ ಕುಂದಲೂಬಹುದು. ಮಿದುಳಿಗೆ ಆದ ಹಾನಿ ಸಾಮಾನ್ಯವಾಗಿ ಸರಿಹೋಗದು.

ಮಾಡಬೇಕಾದದ್ದು ಕಷ್ಟವೇನಲ್ಲ. ಗ್ಯಾರೇಜು, ಬ್ಯಾಟರಿ, ಬೆಸುಗೆ ಕೆಲಸದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆ ಹೊಕ್ಕಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ. ಹಳೆಯ ಬಣ್ಣ ಉದುರುವಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ಸೊಪ್ಪು, ಕಾಳು, ರಾಗಿ, ಹಾಲು ತಪ್ಪಿಸಬೇಡಿ. ಕಬ್ಬಿಣ, ಸುಣ್ಣದಂಶ ಕಡಿಮೆಯಾದ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಅನುಮಾನವಿದ್ದರೆ ವೈದ್ಯರಿಗೆ ಮನೆಯವರ ಕಸುಬನ್ನೂ ತಿಳಿಸಿ, ರಕ್ತದಲ್ಲಿನ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಸೀಸ ಬರುವ ದಾರಿ ಮುಚ್ಚದೆ ಔಷಧ ಕೊಟ್ಟರೆ ಫಲವಿಲ್ಲ.